ಡಿ ಸೊನ್ನೆ, ಸಿ ಎಫ್

ಅರ್ಪಿತ ಬಂದ ದಿನ ಅಮೃತೇಶಣ್ಣ ಅಟ್ಟದಿಂದ ತಿರುಗುವ ಕುರ್ಚಿಯೊಂದನ್ನು ಇಳಿಸಿದರು. ಅದನ್ನು ಒರೆಸಿದವಳು ನಾನು. ಮೂರು ವರ್ಷದಿಂದ ನಾನು ಕೂರುತ್ತಿದ್ದುದು ಪ್ಲಾಸ್ಟಿಕ್ ಸ್ಟೂಲಿನ ಮೇಲೆ. ಅಟ್ಟದಲ್ಲಿ ಅಂಥದ್ದೊಂದು ಕುರ್ಚಿ ಇದೆಯೆಂದೇ ನನಗೆ ಗೊತ್ತಿರಲಿಲ್ಲ.

ನಂಜನಗೂಡಿನ ಬಸ್ ಸ್ಟ್ಯಾಂಡಿನಿಂದ ಐದು ನಿಮಿಷ ನಡೆದರೆ ನಮ್ಮ ಅಂಗಡಿ. ಮುಂದೆ ಜೆರಾಕ್ಸ್, ಒಳಗೆ ಕಂಪ್ಯೂಟರ್ ರಿಪೇರಿ, ಅದಕ್ಕೂ ಒಳಗೆ ಪರದೆಯ ಹಿಂದೆ ಕಳೆದುಹೋದ ಫೈಲುಗಳನ್ನು ಹುಡುಕಿಕೊಡುವ ಟೇಬಲ್ಲು. ಮೇಲಿನ ಮನೆಯಲ್ಲಿ ಅಂಗಡಿಯ ಯಜಮಾನರಾದ ಅಮೃತೇಶಣ್ಣ, ಅವರ ಹೆಂಡತಿ ರುದ್ರಾಣಿ ಅಕ್ಕ. ನಾನು ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಕಸ ಗುಡಿಸಲು, ಜೆರಾಕ್ಸ್ ತೆಗೆಯಲು ಸೇರಿದ್ದೆ. ಪರದೆಯ ಹಿಂದಿನ ಕೆಲಸವನ್ನು ಯಾರೂ ಕಲಿಸಲಿಲ್ಲ. ನೋಡಿ ನೋಡಿ ಬಂತು.

ನೋಡುವುದು ನಮ್ಮ ಮನೆಯ ಕಸುಬು. ಅವ್ವ ದೇವಸ್ಥಾನದ ಹತ್ತಿರ ಚಪ್ಪಲಿ ಕಾಯುತ್ತಾಳೆ. ಟೋಕನ್ ಗೀಕನ್ ಇಲ್ಲ. ಸೋಮವಾರದ ನೂಕುನುಗ್ಗಲಿನಲ್ಲೂ ಒಬ್ಬರ ಚಪ್ಪಲಿ ಇನ್ನೊಬ್ಬರ ಕಾಲಿಗೆ ಹೋದದ್ದಿಲ್ಲ. ಚಿಕ್ಕವಳಿದ್ದಾಗ ಅವಳ ಪಕ್ಕ ಕೂತು ನಾನೂ ಕಲಿತೆ. ಬಂದವರ ಮುಖ ನೋಡಿ ಉಪಯೋಗವಿಲ್ಲ, ಹಿಮ್ಮಡಿ ಯಾವ ಕಡೆ ಸವೆದಿದೆ ಎಂದು ನೋಡಬೇಕು.

ಫೈಲುಗಳದ್ದೂ ಹಾಗೇ. ಪೆನ್ ಡ್ರೈವ್ ಕೆಟ್ಟಾಗ ಕಂಪ್ಯೂಟರ್ ಸರಿಮಾಡಲೇ ಎಂದು ಕೇಳುತ್ತದೆ. ಜನ ಹ್ಞೂಂ ಎಂದು ಒತ್ತುತ್ತಾರೆ. ಆಮೇಲೆ ನೋಡಿದರೆ ಮಗಳ ಫೋಟೊ, ಪಹಣಿ, ಅರ್ಜಿ ಎಲ್ಲವೂ ಹೆಸರು ಕಳೆದುಕೊಂಡು ಫೈಲ್ ಒಂದು, ಫೈಲ್ ಎರಡು ಎಂದು ಸಾಲಾಗಿ ನಿಂತಿರುತ್ತವೆ. ಯಾವುದು ಫೋಟೊ, ಯಾವುದು ಕಾಗದ ಎಂದು ಹೊರಗಿನಿಂದ ತಿಳಿಯುವುದಿಲ್ಲ. ಆಗ ಫೈಲಿನ ಒಳಗನ್ನು ಹಾಗೇ ಬಿಚ್ಚಿ ತೋರಿಸುವ ಒಂದು ಸಾಫ್ಟ್‌ವೇರಿನಲ್ಲಿ ಅದನ್ನು ತೆಗೆಯಬೇಕು. ಎಡಗಡೆ ಜೋಡಿ ಜೋಡಿಯಾಗಿ ಅಂಕಿ, ನಡುನಡುವೆ ಇಂಗ್ಲಿಷ್ ಅಕ್ಷರ. ಬಲಗಡೆ ಬರೀ ಚುಕ್ಕಿ, ಅಲ್ಲೊಂದು ಇಲ್ಲೊಂದು ಓದಬಹುದಾದ ಪದ. ಶುರುವಿನ ನಾಲ್ಕು ಜೋಡಿ ನೋಡಿದರೆ ಸಾಕು. ಎಫ್ ಎಫ್, ಡಿ ಎಂಟು ಎಂದಿದ್ದರೆ ಫೋಟೊ. ಎರಡು ಐದು, ಐದು ಸೊನ್ನೆ ಎಂದಿದ್ದರೆ ಪಿಡಿಎಫ್. ಹೆಸರು ಹೋದರೂ ತಲೆ ಹೋಗಿರುವುದಿಲ್ಲ. ನಾನು ಅದನ್ನು ತಲೆ ಎಂದೇ ಕರೆಯುತ್ತಿದ್ದೆ. ಒಂದೊಂದು ತಲೆಯನ್ನೂ ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡಿದ್ದೆ.

"ರೋಜಾ, ಬಾ ಇಲ್ಲಿ, ಇದೇನ್ ನೋಡು" ಎಂದು ಅಮೃತೇಶಣ್ಣ ಕರೆದಾಗ ಪರದೆ ಸರಿಸಿ ಒಳಗೆ ಹೋಗುತ್ತಿದ್ದೆ. ಜೆರಾಕ್ಸಿಗೆ ನಿಂತ ಜನ ಆಗ ನನ್ನನ್ನು ನೋಡುವ ರೀತಿ ಬೇರೆಯಾಗುತ್ತಿತ್ತು. ನನ್ನದು ಎನ್ನುವಂಥದ್ದು ಅಷ್ಟೇ ಇತ್ತು.

ಅರ್ಪಿತ ಟಿ. ನರಸೀಪುರದವಳು. ಬಿಸಿಎ ಓದಿದ್ದಾಳೆ. ರುದ್ರಾಣಿ ಅಕ್ಕನ ತವರಿನ ಕಡೆ ಪರಿಚಯ. ನನಗಿಂತ ಒಂದು ವರ್ಷ ಚಿಕ್ಕವಳು. ಆದರೂ ಮೊದಲ ದಿನವೇ ಅಮೃತೇಶಣ್ಣ ನನ್ನನ್ನು ಪಕ್ಕಕ್ಕೆ ಕರೆದು, "ಗಿರಾಕಿಗಳ ಮುಂದೆ ಹೆಸರಿಡಿದು ಕರೀಬೇಡ ಕಣಮ್ಮ, ಮೇಡಂ ಅನ್ನು" ಎಂದರು. ನಾನು ಎಣಿಸತೊಡಗಿದೆ. ಒಂದು ಗುರುವಾರ ಅವರು ಅವಳ ಹೆಸರನ್ನು ಹನ್ನೊಂದು ಸಲ ಕರೆದರು, ನನ್ನದನ್ನು ಮೂರು ಸಲ. ಆ ಮೂರರಲ್ಲಿ ಎರಡು ಕಸದ ಬುಟ್ಟಿಗೆ. ರುದ್ರಾಣಿ ಅಕ್ಕ ಮೇಲಿನಿಂದ ಟೀ ಕಳಿಸುತ್ತಿದ್ದರು. ಅವಳಿಗೆ ಹೂವಿನ ಚಿತ್ರದ ಕಪ್ಪು, ನನಗೆ ಮೂರು ವರ್ಷದಿಂದ ಪೇಪರ್ ಲೋಟ. ಅದರ ಬಗ್ಗೆ ಯಾರೂ ಮಾತಾಡಿದ್ದಿಲ್ಲ. ನಾನೂ ಇಲ್ಲ. ಅವಳು ಬರುವ ತನಕ ಪೇಪರ್ ಲೋಟ ನನ್ನ ಕಣ್ಣಿಗೆ ಅಷ್ಟು ಕಂಡಿರಲೂ ಇಲ್ಲ.

ಅವಳು ಕೆಟ್ಟವಳಾಗಿದ್ದರೆ ಸಲೀಸಾಗಿರುತ್ತಿತ್ತು. ಊಟದ ಡಬ್ಬಿ ತೆಗೆದರೆ ಉಪ್ಪಿನಕಾಯಿ ನನ್ನ ಕಡೆ ತಳ್ಳುತ್ತಿದ್ದಳು. ನಾನು ತಿಂದು, ಮನೆಗೆ ಹೋಗಿ, ಉಪ್ಪು ಜಾಸ್ತಿಯಾಗಿತ್ತು ಎಂದು ಅವ್ವನ ಹತ್ತಿರ ಹೇಳುತ್ತಿದ್ದೆ.

ಎರಡನೇ ವಾರ ಅಮೃತೇಶಣ್ಣ ಅಂದರು: "ರೋಜಾ, ನಿಂಗೆ ಗೊತ್ತಿರೋದನ್ನೆಲ್ಲ ಅರ್ಪಿತಂಗೆ ಹೇಳ್ಕೊಡು. ಅವ್ಳು ಪ್ರೋಗ್ರಾಮ್ ಬರೀತಾಳೆ. ನೀನು ಒಂದೊಂದಾಗಿ ನೋಡೋ ಕಷ್ಟ ತಪ್ತದೆ."

ಕಷ್ಟ ಎಂದು ನಾನು ಯಾವತ್ತೂ ಹೇಳಿರಲಿಲ್ಲ.

ಸ್ಟೂಲನ್ನು ಅವಳ ಕುರ್ಚಿಯ ಪಕ್ಕ ಎಳೆದುಕೊಂಡು ಕೂತೆ. ನೋಟ್‌ಬುಕ್ ಅವಳ ಕೈಗೆ ಕೊಡಲಿಲ್ಲ. ನಾನೇ ಓದಿ ಹೇಳಿದೆ, ಅವಳು ಟೈಪ್ ಮಾಡಿಕೊಂಡಳು.

"ಡಿ ಸೊನ್ನೆ, ಸಿ ಎಫ್, ಒಂದು ಒಂದು, ಇ ಸೊನ್ನೆ" ಎಂದೆ.

"ಇದು ಯಾವ್ದು?"

"ಅಳೇ ವರ್ಡ್ ಫೈಲು."

"ಅಷ್ಟೇನಾ?"

"ಅಷ್ಟೇ."

ಅಷ್ಟೇ ಅಲ್ಲ. ಡಿ ಸೊನ್ನೆ, ಸಿ ಎಫ್ ಎನ್ನುವುದು ಒಂದೇ ತಾಯಿಯ ನಾಲ್ಕೈದು ಮಕ್ಕಳ ತಲೆ. ಹಳೆಯ ವರ್ಡಿಗೂ ಅದೇ, ಹಳೆಯ ಎಕ್ಸೆಲ್ಲಿಗೂ ಅದೇ, ಆಫೀಸಿನವರು ಔಟ್‌ಲುಕ್ಕಿನಿಂದ ಎಳೆದು ಎತ್ತಿಟ್ಟುಕೊಳ್ಳುವ ಮೇಲ್‌ಗೂ ಅದೇ. ತಲೆ ನೋಡಿ ಬಿಟ್ಟರೆ ಸಾಲದು, ಕೆಳಗೆ ಇಳಿಯಬೇಕು. ಮೇಲ್ ಆಗಿದ್ದರೆ ಎಲ್ಲೋ ಒಂದು ಕಡೆ ಬಲಗಡೆಯಲ್ಲಿ ಎರಡು ಅಡ್ಡಗೆರೆ, ಅದರ ಮುಂದೆ ಎಸ್ ಯು ಬಿ ಎಸ್ ಟಿ ಜಿ ಎಂದು ಸಿಗುತ್ತದೆ. ಒಂದಕ್ಷರ, ಒಂದು ಚುಕ್ಕಿ, ಮತ್ತೊಂದಕ್ಷರ, ಮತ್ತೊಂದು ಚುಕ್ಕಿ, ಹೂ ಕಟ್ಟಿದ ಹಾಗೆ. ಹೋದ ವರ್ಷ ವಕೀಲರೊಬ್ಬರ ಡಿಸ್ಕ್ ಬಂದಾಗ ಹದಿನೇಳು ದಿನ ಕೂತು ಇದನ್ನು ಕಂಡುಕೊಂಡಿದ್ದೆ. ನಮ್ಮಲ್ಲಿಗೆ ಬರುವವರು ಹೆಚ್ಚಿಗೆ ತರುವುದು ಹಳೆಯ ವರ್ಡ್ ಕಾಗದಗಳನ್ನೇ. ನೂರಕ್ಕೆ ತೊಂಬತ್ತು ಸಲ ನಾನು ಹೇಳಿದ್ದು ಸರಿಯೇ ಆಗುತ್ತಿತ್ತು. ಉಳಿದ ಹತ್ತನ್ನು ನನ್ನ ಹತ್ತಿರವೇ ಇಟ್ಟುಕೊಂಡೆ.

ಅವಳ ಪ್ರೋಗ್ರಾಮು ಸಾವಿರ ಫೈಲನ್ನು ನಾನು ಟೀ ಕುಡಿದು ಲೋಟ ಬಿಸಾಡುವಷ್ಟರಲ್ಲಿ ವಿಂಗಡಿಸುತ್ತಿತ್ತು. ಆ ಮೇಲೆ ನನ್ನನ್ನು ಒಳಗೆ ಕರೆಯುವುದು ನಿಂತುಹೋಯಿತು.

ಹೀಗಿರುವಾಗ ಒಂದು ಬುಧವಾರ ದೇವಯ್ಯನವರು ಬಂದರು. ಐವತ್ತರ ಹತ್ತಿರದ ವಯಸ್ಸು. ಪೆನ್ ಡ್ರೈವನ್ನು ಕರವಸ್ತ್ರದಲ್ಲಿ ಗಂಟುಹಾಕಿ ತಂದಿದ್ದರು. ಜೆರಾಕ್ಸ್ ಮಿಷನ್ನಿನ ಹತ್ತಿರ ಇದ್ದವಳು ನಾನಾದ್ದರಿಂದ ಮೊದಲು ನನಗೇ ಹೇಳಿದರು.

"ತಾಂಡವಪುರದ ಕಡೆ ಫ್ಯಾಕ್ಟ್ರೀಲಿ ಸ್ಟೋರ್ ನೋಡ್ಕೊತೀನಿ ಕಣವ್ವ. ಬಾಯ್ಲರ್ ವಾಲ್ವು ಸೋರ್ತಾ ಅದೆ, ಬದಲಾಯ್ಸಿ ಅಂತ ಮ್ಯಾನೇಜರ್‌ಗೆ ಎರಡ್ಸಲ ಮೇಲ್ ಆಕಿದ್ದೆ. ಕಿವಿಗೆ ಆಕೊಳ್ನಿಲ್ಲ. ಓದ್ ತಿಂಗ್ಳು ಆವಿ ಬಡ್ದು ಒಬ್ಬ ಉಡ್ಗನ ತೋಳು ಬೆಂದೋಯ್ತು. ಈಗ ಆ ಮ್ಯಾನೇಜರ್ರು, ದೇವಯ್ಯ ನಂಗೆ ಏಳೇ ಇಲ್ಲ ಅಂತಾವ್ನೆ. ಸೋಮವಾರ ಎನ್ಕ್ವಯರಿ."

"ಫ್ಯಾಕ್ಟ್ರಿ ಕಂಪ್ಯೂಟರ್‌ನಲ್ಲಿ ಇಲ್ವಾ?" ಎಂದು ಒಳಗಿನಿಂದ ಅಮೃತೇಶಣ್ಣ ಕೇಳಿದರು.

"ಅಲ್ಲಿ ಅಳಿಸ್ಬುಟ್ಟವ್ರೆ ಸಾ. ಕಳ್ಸಿದ್ ದಿನ್ವೇ ನಾನು ಅವನ್ನ ಇದ್ರೊಳಕ್ಕೆ ಎಳ್ದಾಕೊಂಡಿದ್ದೆ. ಇದೂ ಮೊನ್ನೆ ಸರಿ ಮಾಡ್ಲಾ ಅಂತು, ಮಾಡು ಅಂದೆ. ಎಲ್ಲಾ ಎಸ್ರು ಕಳ್ಕೊಂಡು ಕೂತವೆ. ಬಾಯಲ್ಲಿ ಏಳುದ್ರೆ ಯಾರ್ ನಂಬ್ತಾರೆ? ಆ ಮೇಲ್ ಸಿಕ್ರೆ ನಾನು ನೌಕರ. ಸಿಗ್ದೇ ಓದ್ರೆ ಒಬ್ನ ತೋಳು ಸುಟ್ಟವ್ನು."

ಎಳೆದುಹಾಕಿಕೊಂಡಿದ್ದೆ ಎಂದಾಗಲೇ ನನಗೆ ಗೊತ್ತಾಯಿತು. ಡಿ ಸೊನ್ನೆ, ಸಿ ಎಫ್. ಬಾಯಿ ತೆರೆಯಬೇಕು ಎನ್ನುವಷ್ಟರಲ್ಲಿ ಅಮೃತೇಶಣ್ಣ, "ಮೇಡಂ ನೋಡ್ತಾರೆ ಬನ್ನಿ, ಬಿಸಿಎ ಮಾಡವ್ರೆ" ಎಂದು ಅವರನ್ನು ಒಳಗೆ ಕರೆದುಕೊಂಡು ಹೋದರು. ಪರದೆ ನನ್ನ ಮುಖದ ಮುಂದೆ ಮುಚ್ಚಿಕೊಂಡಿತು.

ನೋಡಲಿ, ಎಂದುಕೊಂಡೆ. ಒಂದೇ ಒಂದು ಸಲ ಅವಳ ಕೈಯಲ್ಲಿ ಆಗದೆ ಹೋಗಲಿ. ಆಗ ನನ್ನನ್ನು ಕರೆಯುತ್ತಾರೆ. ನಾನು ಹೋಗಿ ಹುಡುಕಿಕೊಡುತ್ತೇನೆ. ದೇವಯ್ಯನವರ ಕೆಲಸವೂ ಉಳಿಯುತ್ತದೆ, ನನ್ನದೂ.

ಎರಡು ಸಾವಿರದ ಆರುನೂರು ಫೈಲುಗಳನ್ನು ನಮ್ಮ ಕಂಪ್ಯೂಟರಿಗೆ ಇಳಿಸಿಕೊಳ್ಳುವಷ್ಟರಲ್ಲಿ ಪೆನ್ ಡ್ರೈವ್ ಪೂರ್ತಿ ಸತ್ತುಹೋಯಿತು. ಅರ್ಪಿತ ಕಷ್ಟಪಟ್ಟಳು. ಅದನ್ನು ಇಲ್ಲ ಎನ್ನಲಾರೆ. ಮೇಲ್ ಎಂದರೆ ಯಾರಿಂದ, ಯಾರಿಗೆ ಎಂದು ನೇರವಾಗಿ ಓದುವಂತೆ ಶುರುವಾಗುತ್ತದೆ ಎಂದು ಇಂಟರ್ನೆಟ್ಟಿನಲ್ಲಿ ಓದಿ ಹಾಗೆ ಹುಡುಕಿದಳು. ಅಂಥ ಮೇಲೂ ಇರುತ್ತವೆ, ಆದರೆ ಇವು ಅವಲ್ಲ. ಬಾಯ್ಲರ್ ಎಂಬ ಪದವನ್ನೇ ಎಲ್ಲ ಫೈಲುಗಳ ಒಳಗೆ ಹುಡುಕಿಸಿದಳು. ಅಕ್ಷರಗಳ ನಡುವೆ ಚುಕ್ಕಿ ಇರುವಾಗ ಒಟ್ಟಿಗಿರುವ ಪದವನ್ನು ಹುಡುಕಿದರೆ ಎಲ್ಲಿಂದ ಸಿಗಬೇಕು? ಡಿ ಸೊನ್ನೆ ತಲೆಯ ಫೈಲುಗಳಿಗೆಲ್ಲ ಅವಳ ಪ್ರೋಗ್ರಾಮು ವರ್ಡ್ ಎಂದು ಹೆಸರಿಟ್ಟಿತು. ಅವುಗಳಲ್ಲಿ ಮುನ್ನೂರ ಚಿಲ್ಲರೆ ವರ್ಡಿನಲ್ಲಿ ತೆರೆಯಲೇ ಇಲ್ಲ.

ಶುಕ್ರವಾರ ಊಟ ಮಾಡುವಾಗ ಅವಳು ಉಪ್ಪಿನಕಾಯಿ ತಳ್ಳುವುದನ್ನು ಮರೆತಿದ್ದಳು. "ರೋಜಾ, ಆ ಮುನ್ನೂರು ಫೈಲ್ ಕೆಟ್ಟೋಗಿರ್ಬೇಕು ಅಲ್ವಾ?" ಎಂದಳು.

"ಇರ್ಬೋದು" ಎಂದೆ.

ಶನಿವಾರ ನಾಲ್ಕೂವರೆಗೆ ದೇವಯ್ಯನವರು ಬಂದರು. ಅರ್ಪಿತ ತಲೆ ತಗ್ಗಿಸಿಕೊಂಡು ಹೇಳಿದಳು. ನಾನು ಅಮೃತೇಶಣ್ಣನ ಮುಖವನ್ನೇ ನೋಡುತ್ತಿದ್ದೆ. ಈಗ ಕರೆಯುತ್ತಾರೆ, ಈಗ ಕರೆಯುತ್ತಾರೆ.

"ಅರ್ಪಿತ ನೋಡಿ ಸಿಗ್ಲಿಲ್ಲ ಅಂದ್ಮೇಲೆ ಇಲ್ಲ ಅಂತ್ಲೇ ಲೆಕ್ಕ ಕಣ್ರೀ ದೇವಯ್ಯ" ಎಂದರು ಅಮೃತೇಶಣ್ಣ. "ಇನ್ಯಾರ್ ಕೈಲೂ ಆಗಲ್ಲ."

ಅವರಿಗೆ ನನ್ನ ನೆನಪೇ ಆಗಲಿಲ್ಲ. ನಾನು ಎರಡು ಮಾರು ದೂರದಲ್ಲಿ ಕಾಗದ ಜೋಡಿಸುತ್ತಿದ್ದೆ.

ದೇವಯ್ಯನವರು ಸತ್ತ ಪೆನ್ ಡ್ರೈವನ್ನು ಮತ್ತೆ ಕರವಸ್ತ್ರದಲ್ಲಿ ಕಟ್ಟಿಕೊಂಡರು. "ಮ್ಯಾನೇಜರ್ ಮನೇನೂ ನಮ್ಮೂರು ನರಸೀಪುರದಲ್ಲೇ ಅದೆ. ರಾಜೀನಾಮೆ ಬರ್ಕೊಟ್ಬುಡು, ಎನ್ಕ್ವಯರಿ ಇಲ್ದಂಗೆ ಮಾಡ್ತೀನಿ ಅಂದವ್ನೆ. ಇವತ್ತೇ ಬರ್ಕೊಟ್ಬುಡ್ತೀನಿ. ಜನದ್ ಮುಂದೆ ಸುಳ್ಳ ಅನ್ನುಸ್ಕೊಳ್ಳೋದ್ ತಪ್ಪುದ್ರೆ ಸಾಕು" ಎಂದರು. ಹೊರಡುವಾಗ ನನ್ನ ಕಡೆ ತಿರುಗಿ, "ಬತ್ತೀನಿ ಕಣವ್ವ" ಎಂದರು. ಅವರ ಚಪ್ಪಲಿ ಎರಡೂ ಬಲಗಡೆ ಸವೆದಿತ್ತು.

ಸ್ವಲ್ಪ ಹೊತ್ತಿಗೆ ಅರ್ಪಿತಳೂ ಊರಿನ ಬಸ್ಸಿಗೆಂದು ಬ್ಯಾಗ್ ಹಾಕಿಕೊಂಡು ಹೋದಳು. ಅಮೃತೇಶಣ್ಣ ಸಂಜೆಯ ಪೂಜೆಗೆ ಸ್ನಾನ ಮಾಡಲು ಮೇಲೆ ಹೋದರು. ಹೋಗುವಾಗ, "ಅಳಿಸ್ಬಿಡು" ಎಂದರು.

ಅದು ನಮ್ಮ ಅಂಗಡಿಯ ಪದ್ಧತಿ. ಇನ್ನೊಬ್ಬರ ಮನೆಯ ಫೋಟೊ, ಕಾಗದ ಭಾನುವಾರ ನಮ್ಮಲ್ಲಿ ಇರಬಾರದು. ಶನಿವಾರ ಸಂಜೆ ದೀಪ ಹಚ್ಚುವ ಮೊದಲು ವಾರದ ಕಾಪಿಗಳನ್ನೆಲ್ಲ ಮತ್ತೆ ಸಿಗದ ಹಾಗೆ ಅಳಿಸುತ್ತೇವೆ. ಗುಡಿಸುವ ಕೆಲಸ ಎಂದೇನೋ, ಅದು ಮೊದಲಿಂದ ನನ್ನದು.

ಅವಳ ಕುರ್ಚಿಯಲ್ಲಿ ಕೂತೆ. ಮೆತ್ತಗಿತ್ತು. ದೇವಯ್ಯನವರ ಹೆಸರಿನ ಫೋಲ್ಡರ್ ಎದುರಿಗಿತ್ತು. ತೆರೆಯದ ಮುನ್ನೂರರಲ್ಲಿ ಒಂದನ್ನು ತೆಗೆದು ಕೆಳಗೆ ಇಳಿಯುತ್ತ ಹೋದೆ. ಎರಡು ಅಡ್ಡಗೆರೆ. ಎಸ್, ಚುಕ್ಕಿ, ಯು, ಚುಕ್ಕಿ, ಬಿ. ಇನ್ನೊಂದು ತೆಗೆದೆ, ಅದರಲ್ಲೂ ಇತ್ತು. ನನಗೆ ಖುಷಿಯಾಯಿತು. ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು, ಖುಷಿಯೇ ಆಯಿತು. ಅಳಿಸದೆ ಇಟ್ಟುಕೊಂಡು ಭಾನುವಾರವೆಲ್ಲ ಕೂತರೆ ನಾನೊಬ್ಬಳೇ ಹುಡುಕಬಹುದು. ಸೋಮವಾರ ಬೆಳಿಗ್ಗೆ ಎಲ್ಲರ ಮುಂದೆ ಇಡಬಹುದು. ಆದರೆ ದೇವಯ್ಯನವರು ಇವತ್ತೇ ಬರೆದುಕೊಡುತ್ತಾರೆ. ಒಂದೊಂದಾಗಿ ನೋಡಲು ನನಗೆ ಎರಡು ದಿನ ಬೇಕು. ಅವಳ ಪ್ರೋಗ್ರಾಮಿಗೆ ಒಂದು ನಿಮಿಷ ಸಾಕು, ಏನು ಹುಡುಕಬೇಕೆಂದು ಯಾರಾದರೂ ಅವಳಿಗೆ ಹೇಳಿಕೊಟ್ಟರೆ.

ಆ ಪ್ರೋಗ್ರಾಮು ಪಕ್ಕದಲ್ಲೇ ತೆರೆದಿತ್ತು. ನನಗೆ ಅದು ಓದಲು ಬರುವುದಿಲ್ಲ. ತಲೆಗಳ ಪಟ್ಟಿಯ ಮೇಲೊಂದು ಸಾಲಿನಲ್ಲಿ ನಾಲ್ಕು ಇಂಗ್ಲಿಷ್ ಅಕ್ಷರಗಳನ್ನು ಮಾತ್ರ ಗುರುತು ಹಿಡಿದೆ. ಅದು ನನ್ನ ಹೆಸರು. ಇದನ್ನು ಹೇಳಿಕೊಟ್ಟವಳು ರೋಜಾ ಎಂದು ಅವಳು ಬರೆದಿಟ್ಟಿದ್ದಳು. ಅದನ್ನು ಯಾರಿಗೂ ತೋರಿಸಿರಲಿಲ್ಲ, ನನಗೂ ಹೇಳಿರಲಿಲ್ಲ.

ಮೊದಲು ನನಗಾದದ್ದು ಭಯ. ತಪ್ಪಿನ ಮೇಲೆ ನನ್ನ ಹೆಸರಿದೆ. ಆಮೇಲೆ ಸಿಟ್ಟು ಬಂತು. ಇದರಲ್ಲೂ ಅವಳೇ ನನಗಿಂತ ದೊಡ್ಡವಳಾಗಿದ್ದಳು. ನಾನು ಎದ್ದದ್ದು ಆ ಸಿಟ್ಟಿನಲ್ಲೋ, ದೇವಯ್ಯನವರ ಕರವಸ್ತ್ರದ ಗಂಟು ನೆನಪಾಗಿಯೋ, ಇವತ್ತಿಗೂ ಗೊತ್ತಿಲ್ಲ. ಷಟರ್ ಅರ್ಧ ಎಳೆದು ಬಸ್ ಸ್ಟ್ಯಾಂಡಿಗೆ ಓಡಿದೆ.

ನರಸೀಪುರದ ಬಸ್ಸು ತುಂಬಿ ನಿಂತಿತ್ತು. ಕಂಡಕ್ಟರ್ ಕೆಳಗೆ ಟೀ ಕುಡಿಯುತ್ತಿದ್ದ. ಮುಂದಿನ ಬಾಗಿಲಲ್ಲಿ ಹತ್ತಿದೆ. ಅರ್ಪಿತ ಹೆಂಗಸರ ಸೀಟಿನಲ್ಲಿ ಕಿಟಕಿಯ ಪಕ್ಕ, ದೇವಯ್ಯನವರು ಎಲ್ಲೋ ಹಿಂದೆ. ಅಷ್ಟು ಜನರ ಎದುರು ನಾನು ಹುಟ್ಟಿದಾಗಿನಿಂದ ಬಾಯಿ ಬಿಟ್ಟವಳಲ್ಲ.

"ಅದು ವರ್ಡ್ ಅಲ್ಲ" ಎಂದೆ. ದನಿ ನನಗೇ ಕೇಳಲಿಲ್ಲ. ಮತ್ತೆ ಕೂಗಿದೆ. "ಅರ್ಪಿತ, ಅದು ವರ್ಡ್ ಅಲ್ಲ, ಮೇಲು! ಇಳಿ! ದೇವಯ್ಯಣ್ಣ, ನೀವೂ ಇಳೀರಿ!"

"ಯಾಕವ್ವ, ಬಸ್ಸು ಕೆಟ್ಟೋಯ್ತಾ, ಎಲ್ರುನೂ ಇಳುಸ್ಕೊಂಡ್ ಓಗ್ತಿದ್ದೀಯೆ?" ಎಂದ ಕಂಡಕ್ಟರ್ ಕೆಳಗಿನಿಂದ. "ಇಳಿಯೋರು ಬೇಗ ಇಳೀರಿ, ಸೀಟಿಗೆ ಜನ ಅವ್ರೆ." ಎಲ್ಲರೂ ನಕ್ಕರು. ಅವರಿಬ್ಬರೂ ಇಳಿದರು.

ಮೂವರೂ ಅಂಗಡಿಗೆ ಬಂದೆವು. ಅರ್ಪಿತ ಕುರ್ಚಿಯಲ್ಲಿ ಕೂತು, "ಹೇಳು" ಎಂದಳು. ನೋಟ್‌ಬುಕ್ ತೆಗೆದು ಆ ಪುಟವನ್ನೇ ಅವಳ ಮುಂದೆ ಇಟ್ಟೆ. ಕೆಳಗೆ ಇಳಿಯಬೇಕು, ಎರಡು ಅಡ್ಡಗೆರೆ, ಈ ಆರು ಅಕ್ಷರ, ನಡುವೆ ಚುಕ್ಕಿ ಎಂದೆ. "ಚುಕ್ಕಿ ಅಲ್ಲ, ಅದು ಸೊನ್ನೆ" ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಎಡಗಡೆ ನೋಡಿದರೆ ಹೌದು, ಸೊನ್ನೆಗಳೇ. ಒಂದು ವರ್ಷದಿಂದ ನೋಡುತ್ತಿದ್ದ ನನಗೆ ಅದು ಹೊಳೆದಿರಲಿಲ್ಲ. ಮೂರು ಸಾಲು ಟೈಪ್ ಮಾಡಿ ಒತ್ತಿದಳು.

ನಲವತ್ತು ಸೆಕೆಂಡು. ಗೋಡೆಯ ಗಡಿಯಾರ ನೋಡುತ್ತಿದ್ದೆ. ನನ್ನ ಹದಿನೇಳು ದಿನ ನಲವತ್ತು ಸೆಕೆಂಡಿಗೆ ಮುಗಿದುಹೋಯಿತು. ಇನ್ನೂರ ಎಂಬತ್ತಾರು ಮೇಲ್. ಬಾಯ್ಲರ್ ಎಂಬುದನ್ನು ಸೊನ್ನೆ ಸೇರಿಸಿ ಹುಡುಕಿದಾಗ ಉಳಿದದ್ದು ಎರಡು. ಔಟ್‌ಲುಕ್ಕಿನಲ್ಲಿ ತೆರೆದರೆ ಮ್ಯಾನೇಜರನ ಹೆಸರು, ಕಳಿಸಿದ ತಾರೀಖು, ಹೊತ್ತು, ಎಲ್ಲ ಇತ್ತು.

ದೇವಯ್ಯನವರು ಕಂಪ್ಯೂಟರ್ ಸ್ಕ್ರೀನಿನ ಮೇಲಿನ ಇಂಗ್ಲಿಷನ್ನು ಬೆರಳಿಟ್ಟು ಓದಿದರು. ಎರಡು ಸಲ ಓದಿದರು. ಆಮೇಲೆ ಅರ್ಪಿತಳಿಗೆ ಕೈಮುಗಿದು, "ನಿಮ್ಮವ್ವ ಅಪ್ಪ ಓದ್ಸಿದ್ದು ಸಾರ್ಥಕ ಆಯ್ತು ಮೇಡಂ" ಎಂದರು. ಅವಳು ನನ್ನ ಕಡೆ ನೋಡಿದಳು. ಪ್ರಿಂಟ್ ತೆಗೆದುಕೊಟ್ಟವಳು ನಾನು. ಫೈಲುಗಳನ್ನು ಹೊಸ ಪೆನ್ ಡ್ರೈವಿಗೆ ಹಾಕಿಕೊಟ್ಟದ್ದು ಅವಳು. ಮೇಲಿನಿಂದ ವಿಭೂತಿ ಹಚ್ಚಿಕೊಂಡು ಇಳಿದ ಅಮೃತೇಶಣ್ಣ, "ನಾನ್ ಹೇಳ್ಲಿಲ್ವಾ, ನಮ್ ಅರ್ಪಿತ ಬಿಡೋಳಲ್ಲ ಅಂತ" ಎಂದರು. ಆ ವಾರದ ಲೆಕ್ಕದಲ್ಲಿ ಅದು ಎಷ್ಟನೆಯ ಸಲವೋ, ನನಗೆ ತಪ್ಪಿಹೋಯಿತು.

ದೇವಯ್ಯನವರು ಹೋದರು, ಅಮೃತೇಶಣ್ಣ ದೀಪ ಹಚ್ಚಲು ಮುಂದಕ್ಕೆ ಹೋದರು. ನಾವಿಬ್ಬರೇ ಉಳಿದೆವು.

"ಯಾವಾಗ್ಲಿಂದ ಗೊತ್ತು ನಿಂಗೆ?"

"ನಿಂಗೆ ಏಳ್ಕೊಟ್ಟ ದಿನಕ್ಕಿಂತ ಮುಂಚೆ."

"ಮತ್ತೆ ಯಾಕೆ ಹೇಳ್ಲಿಲ್ಲ? ಮೂರು ದಿನ ಆ ಮನುಷ್ಯ ನನ್ನೇ ನಂಬ್ಕೊಂಡ್ ಕೂತಿದ್ದ."

"ನಿಂಗೆ ಗೊತ್ತಾಗ್ಬಾರ್ದು ಅಂತ" ಎಂದೆ. ಬೇರೆ ಏನಾದರೂ ಹೇಳಬಹುದಿತ್ತು. ಮರೆತಿದ್ದೆ ಎಂದಿದ್ದರೆ ನಂಬುತ್ತಿದ್ದಳೇನೋ.

ಅವಳು ಬಯ್ಯಲಿಲ್ಲ. ಕೀಬೋರ್ಡಿನ ಕಡೆ ತಿರುಗಿ, ಪಟ್ಟಿಯ ಮೇಲಿದ್ದ ಆ ಸಾಲಿನ ಕೊನೆಗೆ ಹೋಗಿ ಒಂದೇ ಗುಂಡಿಯನ್ನು ಒತ್ತತೊಡಗಿದಳು. ನನ್ನ ಹೆಸರು ಹಿಂದಿನಿಂದ ಒಂದೊಂದೇ ಅಕ್ಷರವಾಗಿ ಹೋಯಿತು. ನಾನು ನೋಡುತ್ತಾ ನಿಂತಿದ್ದೆ. ನೋಡುವುದು ನನಗೆ ಚೆನ್ನಾಗಿ ಬರುತ್ತದೆ.

ಮಂಗಳವಾರ ದೇವಯ್ಯನವರ ಫೋನ್ ಬಂತು. ಎತ್ತಿದವಳು ನಾನು. "ಕೆಲ್ಸ ಉಳೀತು ಕಣವ್ವ, ಈಗ ಮ್ಯಾನೇಜರ್‌ನೇ ಕೇಳ್ತಾವ್ರೆ. ಮೇಡಂಗೆ ಕೊಡು" ಎಂದರು. ಫೋನ್ ಒಳಗೆ ಕೊಟ್ಟೆ. ಅವಳು ನಗುತ್ತಾ ಮಾತಾಡಿದಳು. ಆ ನಗುವನ್ನು ಪರದೆಯ ಈಚೆ ನಿಂತು ಪೂರ್ತಿ ಕೇಳಿದೆ. ಎದೆಯಲ್ಲಿ ಅದೇ ಹಳೆಯ ಉರಿ, ಒಂದು ಚೂರೂ ಕಡಿಮೆಯಾಗಿರಲಿಲ್ಲ.

ಮಾತು ಮುಗಿಸಿ ಅವಳು ಪರದೆ ಸರಿಸಿದಳು. ನನ್ನ ಮುಖ ನೋಡದೆ ಕೇಳಿದಳು: "ಇನ್ನೇನಾದ್ರೂ ಇದೆಯಾ ಅದ್ರಲ್ಲಿ?"

ನೋಟ್‌ಬುಕ್ಕಿನಲ್ಲಿ ಇನ್ನೂ ಒಂದಿತ್ತು. ಒಬ್ಬರ ಮೇಲ್‌ಗಳನ್ನೆಲ್ಲ ಒಟ್ಟಿಗೆ ತುಂಬಿಡುವ ದೊಡ್ಡ ಫೈಲಿನ ತಲೆ. ಅದು ಗೊತ್ತಿದ್ದರೆ ಒಂದಿಡೀ ಆಫೀಸಿನ ಮೇಲನ್ನು ಒಂದೇ ಸಲಕ್ಕೆ ಹಿಡಿಯಬಹುದು. ಈ ಅಂಗಡಿಯಲ್ಲಿ ನನಗೊಬ್ಬಳಿಗೇ ಗೊತ್ತಿದ್ದದ್ದು ಅದೊಂದೇ ಉಳಿದಿತ್ತು.

ಅವಳು ಪರದೆಯನ್ನು ಹಿಡಿದುಕೊಂಡೇ ಇದ್ದಳು.

ಸ್ಟೂಲನ್ನು ಎಳೆದುಕೊಂಡು ಒಳಗೆ ಹೋಗಿ ಕೂತೆ.

"ಬರ್ಕೊ" ಎಂದೆ. "ಎರಡು ಒಂದು, ನಾಲ್ಕು ಎರಡು, ನಾಲ್ಕು ನಾಲ್ಕು, ನಾಲ್ಕು ಇ."